ಹಳೆಯ ಕಲ್ಲಿದ್ದಲು ಶಾಫ್ಟ್ ಹುಡುಕಿ ಮುಚ್ಚುವ ಕೆಲಸ: ನನ್ನ ಅನುಭವ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಕಲ್ಲಿದ್ದಲು ಶಾಫ್ಟ್‌ಗಳನ್ನು (ಗಣಿಗೆ ನೇರವಾಗಿ ಇಳಿಯುವ ಆಳದ ಬಾವಿಗಳನ್ನು) ಹುಡುಕಿ ಭದ್ರಪಡಿಸುವುದು ನನ್ನ ಕೆಲಸ. ಬ್ರಿಟನ್ನಿನ ದಾಖಲೆಯಲ್ಲಿರುವ ಗಣಿಬಾಯಿಗಳೇ 1,70,000ಕ್ಕೂ ಹೆಚ್ಚು. ಮುಚ್ಚಿದ ಗಣಿಯ ನಕ್ಷೆ ಸಲ್ಲಿಸಬೇಕೆಂಬ ಕಾನೂನು ಬಂದದ್ದು 1872ರಲ್ಲಿ. ಅದಕ್ಕಿಂತ ಹಿಂದಿನವಕ್ಕೆ ಎಷ್ಟೋ ಸಲ ಹಳೆಯ ಭೂಪಟದ ಒಂದು ಚುಕ್ಕೆಯೇ ಗತಿ. ಆ ಚುಕ್ಕೆಯನ್ನು ನಾನು ನಂಬುವುದಿಲ್ಲ. ಸುತ್ತ ಚೌಕ ಗುರುತು ಹಾಕಿ ಕೊರೆಸುತ್ತೇನೆ.

ಕೊರೆಯುವ ಯಂತ್ರವನ್ನು, ಅಂದರೆ ರಿಗ್ಗನ್ನು, ನೇರವಾಗಿ ನೆಲದ ಮೇಲೆ ನಿಲ್ಲಿಸುವಂತಿಲ್ಲ. ಆಗಿನವರು ಶಾಫ್ಟನ್ನು ಪೂರ್ತಿ ತುಂಬದೆ, ಸ್ವಲ್ಪ ಆಳದಲ್ಲಿ ಮರದ ಅಟ್ಟ ಕಟ್ಟಿ ಮೇಲೆ ಮಣ್ಣು ಸುರಿದು ಬಿಟ್ಟದ್ದುಂಟು. ಮರ ಕೊಳೆತ ದಿನ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ. ಹಾಗಾಗಿ ಆಚೀಚೆಯ ಗಟ್ಟಿ ನೆಲಕ್ಕೆ ಉಕ್ಕಿನ ತೊಲೆ ಹಾಸಿ ಅದರ ಮೇಲೆ ರಿಗ್, ಕೆಲಸಗಾರರಿಗೆಲ್ಲ ಸುರಕ್ಷಾ ಬೆಲ್ಟ್. ಕೊರೆಯುವುದು ನೀರು ಹಾಯಿಸಿಯೇ. ಗಾಳಿ ಒತ್ತಿದರೆ ಒಳಗಿನ ಮೀಥೇನ್ ಹಳೆಯ ಸುರಂಗಗಳಲ್ಲಿ ಹಾದು ಪಕ್ಕದ ಮನೆಯೊಳಗೆ ಏಳಬಹುದು.

ಮೇಲೆ ಬರುವ ನೀರಿನ ಮೇಲೇ ನನ್ನ ಕಣ್ಣು. ಬೂದು ಜೇಡಿಯ ನಡುವೆ ಕೆಂಪು ಇಟ್ಟಿಗೆ ಚೂರು, ಸುಣ್ಣದ ಗಾರೆ ಕಂಡರೆ ಶಾಫ್ಟಿನ ಗೋಡೆ ತಾಗಿತೆಂದೇ ಅರ್ಥ. ಕೊರೆಕೋಲು ತಟ್ಟನೆ ಜಾರಿ ನೀರೂ ಮರಳದಿದ್ದರೆ ಕೆಳಗೆ ಪೊಳ್ಳು.

ಮಣ್ಣು ಬಗೆದಾಗ ಕಾಣುವ ಆ ಇಟ್ಟಿಗೆ ಬಳೆಗೆ ಪ್ರತಿಸಲ ಕೈಮುಗಿಯಬೇಕೆನಿಸುತ್ತದೆ. ಒಂದಷ್ಟು ಆಳ ಅಗೆದು, ಗಟ್ಟಿ ಬಂಡೆಯಲ್ಲಿ ಮೆಟ್ಟಿಲಿನಂತೆ ಅಂಚು ಕಡಿದು, ಅದರ ಮೇಲೆ ಉಂಗುರ ಕೂರಿಸಿ, ಅಲ್ಲಿಂದ ಮೇಲಕ್ಕೆ ಇಟ್ಟಿಗೆ ಕಟ್ಟುತ್ತಿದ್ದರು. ಆಮೇಲೆ ಇನ್ನಷ್ಟು ಆಳ, ಇನ್ನೊಂದು ಉಂಗುರ. ನೀರು ನುಗ್ಗುವ ಪದರದಲ್ಲಿ ಎರಕದ ಕಬ್ಬಿಣದ ಹಲಗೆ ಜೋಡಿಸಿ ಸಂದಿಗಳಿಗೆ ಮರದ ಬೆಣೆ ಜಡಿಯುತ್ತಿದ್ದರು. ಮರ ನೀರು ಕುಡಿದು ಉಬ್ಬಿದಂತೆ ಸೋರಿಕೆ ಕಟ್ಟುತ್ತಿತ್ತು.

ಒಂದು ಶಾಫ್ಟ್ ಸಿಕ್ಕಿದರೆ ಅದರ ಜೋಡಿಯನ್ನೂ ಹುಡುಕುತ್ತೇನೆ. 1862ರ ಜನವರಿ 16ರಂದು ನಾರ್ತಂಬರ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ಪಂಪ್ ಎಂಜಿನ್ನಿನ ಎರಕದ ತೊಲೆ ಮುರಿದು, ಇದ್ದ ಒಂದೇ ಶಾಫ್ಟಿನೊಳಗೆ ಬಿತ್ತು. 204 ಜನ ಸತ್ತರು. ಅದೇ ವರ್ಷ ಎರಡು ದಾರಿ ಕಡ್ಡಾಯವೆಂಬ ಕಾನೂನು ಬಂತು.

ಪೊಳ್ಳಿಗೆ ಹಾರುಬೂದಿ–ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬಿಸಿ, ಮೇಲೆ ಕಂಬಿ ಕಟ್ಟಿದ ಕಾಂಕ್ರೀಟ್ ಸ್ಲ್ಯಾಬ್ ಹಾಕುತ್ತೇವೆ. ಅಗಲ ಶಾಫ್ಟಿನ ವ್ಯಾಸದ ಎರಡು ಪಟ್ಟಾದರೂ ಇರಬೇಕು. ಸಾಧ್ಯವಿರುವ ಕಡೆಯೆಲ್ಲ ಬಂಡೆ ಸಿಗುವವರೆಗೆ ಅಗೆಸಿ, ಸ್ಲ್ಯಾಬನ್ನು ಬಂಡೆಯ ಮೇಲೇ ಕೂರಿಸಲು ಹಟ ಹಿಡಿಯುತ್ತೇನೆ. ಖರ್ಚು ಹೆಚ್ಚು, ನಿಜ. ಆದರೆ ಮಣ್ಣಿನ ಮೇಲೆ ಕೂತ ಸ್ಲ್ಯಾಬಿನ ಅಡಿಯಿಂದ ಮಣ್ಣೇ ಶಾಫ್ಟಿಗೆ ಜಾರಿದರೆ ಅದಕ್ಕೆ ಆಸರೆಯೇ ಉಳಿಯುವುದಿಲ್ಲ.