24 ಪದಕ್ಕೆ ಮೂರು ತಿಂಗಳು

ಅಮೆರಿಕದ ಕಪ್ಪು ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಅವರ ‘ವಿ ರಿಯಲ್ ಕೂಲ್’ ಕವಿತೆಯಲ್ಲಿ ಇರುವುದು ಎಂಟು ಸಾಲು, 24 ಪದ. ಎಲ್ಲವೂ ಪುಟಾಣಿ ಪದಗಳೇ. ಒಂದು ಭಾನುವಾರ ಬೆಳಿಗ್ಗೆ, ಕಾಫಿ ಆರುವುದರೊಳಗೆ ಕನ್ನಡಕ್ಕೆ ತಂದುಬಿಡೋಣ ಅಂತ ಕೂತೆ. ಮೂರು ತಿಂಗಳು ಹಿಡಿಯಿತು.

ಕವಿತೆ ಹುಟ್ಟಿದ್ದು ಷಿಕಾಗೋದಲ್ಲಿ. ಶಾಲೆ ನಡೆಯುವ ಹೊತ್ತಿನಲ್ಲಿ ಬ್ರೂಕ್ಸ್ ತಮ್ಮ ಬಡಾವಣೆಯ ಒಂದು ಪೂಲ್ ಹಾಲ್ (ಬಿಲಿಯರ್ಡ್ಸ್‌ನಂಥ ಆಟ ಆಡುವ ಜಾಗ) ಮುಂದೆ ಹಾದುಹೋದರು. ಒಳಗೆ ಹುಡುಗರು ಆಡುತ್ತಿದ್ದರು. ‘ಇವರೆಲ್ಲ ಯಾಕೆ ಶಾಲೆಗೆ ಹೋಗಿಲ್ಲ’ ಅಂತ ಅವರು ಯೋಚಿಸಲಿಲ್ಲ. ಈ ಹುಡುಗರಿಗೆ ತಮ್ಮ ಬಗ್ಗೆ ತಮಗೇ ಏನನ್ನಿಸುತ್ತಿರಬಹುದು ಅಂತ ಯೋಚಿಸಿದರು. ನಾನಾಗಿದ್ದರೆ ಮೊದಲನೆಯದನ್ನೇ ಕೇಳುತ್ತಿದ್ದೆ. ನನ್ನ ಮೊದಲ ಅನುವಾದ ಕೆಟ್ಟಿದ್ದೂ ಅದಕ್ಕೇ. ಪಿಯುಸಿ ಓದುವ ತಮ್ಮನ ಮಗನಿಗೆ ತೋರಿಸಿದೆ. ಓದಿ, ‘ದೊಡ್ಡಪ್ಪ, ಇದು ನೀವು ಬೈದಂಗಿದೆ, ಹುಡುಗ್ರು ಮಾತಾಡ್ದಂಗಿಲ್ಲ’ ಅಂದ.

ಬ್ರೂಕ್ಸ್ ಹುಟ್ಟಿದ್ದು 1917ರಲ್ಲಿ, ಕ್ಯಾನ್ಸಸ್‌ನ ಟೊಪೀಕಾದಲ್ಲಿ. ಕೂಸಾಗಿದ್ದಾಗಲೇ ಮನೆಯವರು ಷಿಕಾಗೋಗೆ ಬಂದರು. 2000ದಲ್ಲಿ ತೀರಿಕೊಂಡಿದ್ದೂ ಅಲ್ಲೇ. 1950ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಅವರೇ, ಗಂಡಸರನ್ನೂ ಸೇರಿಸಿ. ಸುದ್ದಿ ಬಂದಾಗ ಮನೆಯಲ್ಲಿ ಕರೆಂಟ್ ಇರಲಿಲ್ಲವಂತೆ, ಬಿಲ್ ಕಟ್ಟಿರಲಿಲ್ಲ. 1967ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಲೇಖಕರ ಸಮ್ಮೇಳನಕ್ಕೆ ಹೋಗಿ ಬಂದ ಮೇಲೆ ಅವರ ದಾರಿ ಬದಲಾಯಿತು. ದೊಡ್ಡ ಪ್ರಕಾಶಕರನ್ನು ಬಿಟ್ಟು, ಡೆಟ್ರಾಯ್ಟ್‌ನ ಪುಟ್ಟ ಬ್ರಾಡ್‌ಸೈಡ್ ಪ್ರೆಸ್‌ಗೆ ಪುಸ್ತಕ ಕೊಡತೊಡಗಿದರು. ಹೆಂಡದಂಗಡಿಯಲ್ಲಿ, ಗಲ್ಲಿಯಲ್ಲಿ ಇರುವ ತನ್ನ ಜನಕ್ಕೂ ಕವಿತೆ ಮುಟ್ಟಬೇಕು ಅನ್ನುವುದು ಅವರ ಆಸೆ. ಇದನ್ನು ಓದಿದ ಮೇಲೆ ನನ್ನ ಅನುವಾದದಲ್ಲಿದ್ದ ‘ವಿದ್ಯಾಲಯ’, ‘ಮದಿರೆ’ ಎಲ್ಲವನ್ನೂ ಹೊಡೆದುಹಾಕಿದೆ.

ಒಂದು ಕಡೆ ಕನ್ನಡ ಪುಕ್ಕಟೆ ಕೊಟ್ಟಿತು. ಕೂಲ್, ಸ್ಕೂಲ್ ಎರಡೂ ನಮ್ಮವೇ ಆಗಿಬಿಟ್ಟಿವೆ, ಅಲ್ವಾ? ಪ್ರಾಸ ತಾನಾಗಿಯೇ ಬಂತು. ಆದರೆ ಅಲ್ಲೇ ಒಂದು ನಷ್ಟ. ಮೂಲದಲ್ಲಿ ಆ ಹುಡುಗರು ‘ವಿ ಆರ್ ರಿಯಲ್ ಕೂಲ್’ ಅನ್ನದೆ ‘ಆರ್’ ಅನ್ನುವ ಕ್ರಿಯಾಪದವನ್ನು ಹಾರಿಸಿಬಿಡುತ್ತಾರೆ. ಅದು ಕಪ್ಪು ಜನರ ಆಡುಮಾತಿನ ಗುರುತು. ‘ನಾವು ಕೂಲ್’ ಅಂದರೆ ಕನ್ನಡದಲ್ಲಿ ಏನೂ ಹಾರಿಸಿದ ಹಾಗಾಗಲ್ಲ, ನಾವು ಮಾತಾಡೋದೇ ಹಾಗೆ. ‘ಸಖತ್’ ಸೇರಿಸಿ ಸ್ವಲ್ಪ ಬೀದಿಯ ಧೂಳು ಹಚ್ಚಿದೆ.

ಕವಿತೆಯಲ್ಲಿ ಪೂಲ್ ಹಾಲ್ ಹೆಸರು ‘ಗೋಲ್ಡನ್ ಶವೆಲ್’. ಹುಡುಗರ ಸಾವಿನಲ್ಲಿ ಮುಗಿಯುವ ಕವಿತೆಯಲ್ಲಿ ಮಣ್ಣೆತ್ತುವ ಸಾಧನದ ಹೆಸರು ಸುಮ್ನೆ ಬಂದಿರಲ್ಲ. ‘ಚಿನ್ನದ ಗುದ್ದಲಿ’ ಅಂತ ಬರೆದು ನಾನೇ ನಕ್ಕೆ. ಮಂತ್ರಿಗಳ ಗುದ್ದಲಿ ಪೂಜೆ ಕಣ್ಣ ಮುಂದೆ ಬಂತು! ‘ಬಂಗಾರದ ಸಲಿಕೆ’ ಅಂತ ಮಾಡಿದೆ. ಕವಿತೆಯಲ್ಲಿ ಬರುವ ಜೂನ್ ತಿಂಗಳದ್ದೂ ಇಂಥದೇ ಪೇಚು. ಅಲ್ಲಿ ಜೂನ್ ಅಂದರೆ ಬಿಸಿಲು, ರಜೆಯ ಶುರು. ನಮ್ಮಲ್ಲಿ ಮಳೆ, ಹೊಸ ಪಠ್ಯಪುಸ್ತಕ, ಒದ್ದೆ ಯೂನಿಫಾರ್ಮ್. ಹಾಗಂತ ಏಪ್ರಿಲ್ ಮಾಡಲಾ? ಮನಸ್ಸು ಬರಲಿಲ್ಲ. ಊರು ಅವರದು, ತಿಂಗಳೂ ಅವರದೇ ಇರಲಿ.

ನಿಜವಾಗಿ ಸತಾಯಿಸಿದ್ದು ‘ನಾವು’. ಮೂಲದಲ್ಲಿ ಎಂಟು ಸಲ ಬರುತ್ತದೆ. ಪ್ರತಿ ವಾಕ್ಯ ಶುರುವಾಗುವುದೇ ಅದರಿಂದ. ಆದರೆ ಮೊದಲನೆಯದನ್ನು ಬಿಟ್ಟು ಮಿಕ್ಕ ಏಳನ್ನೂ ಬ್ರೂಕ್ಸ್ ಹಿಂದಿನ ಸಾಲಿನ ತುದಿಗೆ ನೇತುಹಾಕಿದ್ದಾರೆ. ಆಟಗಾರರೂ ಏಳೇ ಜನ. ಕೊನೆಯ ಸಾಲಿನ ತುದಿಯಲ್ಲಿ ಮಾತ್ರ ‘ನಾವು’ ಇಲ್ಲ. ‘ಬೇಗ ಸಾಯುವುದು’ ಅನ್ನುವ ಎರಡು ಪದ, ಆಮೇಲೆ ಖಾಲಿ.

ಕನ್ನಡದ ಕ್ರಿಯಾಪದ ‘ನಾವು’ ಅನ್ನುವುದನ್ನು ಬಾಲಕ್ಕೆ ಕಟ್ಟಿಕೊಂಡೇ ಓಡಾಡುತ್ತದೆ. ಬಿಟ್ವಿ, ಹಾಡ್ತೀವಿ, ಕುಡೀತೀವಿ. ‘ಬೇಗ ಸಾಯ್ತೀವಿ’ ಅಂದ ಕೂಡಲೇ ಆ ಏಳೂ ಜನ ವಾಪಸ್ ಬಂದು ನಿಂತುಬಿಡುತ್ತಾರೆ. ಅವರನ್ನು ಅಳಿಸುವುದು ಹೇಗೆ? ಅಂಥ ಕ್ರಿಯಾಪದವೇ ಬೇಡ ಅಂತ ಇಡೀ ಕವಿತೆಯನ್ನು ಮತ್ತೆ ಬರೆದೆ. ಬಸ್ಸಿನಲ್ಲಿ ನಿಂತಿದ್ದಾಗ ಕೊನೆಯದು ಹೊಳೆಯಿತು: ‘ಬೇಗ ಸಾವು’. ನಾವು, ಸಾವು! ಖುಷಿಯಲ್ಲಿ ಇಳಿಯುವ ಸ್ಟಾಪ್ ತಪ್ಪಿಸಿಕೊಂಡೆ.

ಎರಡು ದಿನ ಬಿಟ್ಟು ಜೋರಾಗಿ ಓದಿದಾಗ ಕಸಿವಿಸಿ. ಏಳು ಸಲ ನಾವು, ನಾವು ಅಂತ ತಮಟೆ ಬಡಿದರೆ ಸಾವು ಬರುತ್ತದೆ ಅಂತ ಕೇಳುವವರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಬ್ರೂಕ್ಸ್ ಓದಿದ ಧ್ವನಿಮುದ್ರಣ ಮತ್ತೆ ಕೇಳಿದೆ. ಅವರು ಆ ಪದವನ್ನು ಮೆಲ್ಲಗೆ, ಅರ್ಧ ನುಂಗಿದಂತೆ ಅನ್ನುತ್ತಾರೆ. ಹುಡುಗರ ಜಂಬದ ಕೆಳಗಿನ ಅಳುಕು ಅಲ್ಲಿದೆ. ನಮ್ಮ ಹುಡುಗರೂ ‘ನಾವು’ ಅನ್ನಲ್ಲ, ‘ನಾವ್’ ಅಂತಾರೆ. ಎಂಟೂ ಕಡೆ ಅದನ್ನೇ ಹಾಕಿದೆ. ಮೊದಲೆರಡು ಸಾಲು ಹೀಗಾಯಿತು:

ನಾವ್ ಸಖತ್ ಕೂಲ್. ನಾವ್
ಬಿಟ್ಟಾಯ್ತು ಸ್ಕೂಲ್. ನಾವ್

ಕೊನೆಯೆರಡು:

ಜೂನಿಗೆ ಜಾಝ್. ನಾವ್
ಬೇಗ ಸಾವು.

ತಮ್ಮನ ಮಗನಿಗೆ ಮತ್ತೆ ಕೊಟ್ಟೆ. ಈ ಸಲ ಕಾಲು ಅಲ್ಲಾಡಿಸುತ್ತಾ, ಗತ್ತಿನಲ್ಲಿ ಓದಿದ. ‘ಸಾವು’ ಅಂದ ಮೇಲೆ ಬಾಯಿ ಅರ್ಧ ತೆರೆದೇ ಇತ್ತು, ಇನ್ನೊಂದು ‘ನಾವ್’ಗೆ ಕಾಯುತ್ತಿದ್ದ. ಹಾಳೆ ತಿರುಗಿಸಿ ಹಿಂದೆ ನೋಡಿದ.

‘ಮುಗೀತಾ, ದೊಡ್ಡಪ್ಪ?’