ಆಗ್ಮೆಂಟೆಡ್ ಸೆವೆಂತ್ ಕಾರ್ಡ್: ಪಂಚಮವನ್ನು ಒಂದು ಫ್ರೆಟ್ ಏರಿಸಿ

ಗಿಟಾರ್‌ನಲ್ಲಿ ಎ ಸೆವೆಂತ್ (ಎ7) ಹಿಡಿಯಲು ಬಂದರೆ ಈ ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಸುವ ಈ ಸ್ವರಗುಂಪಿನ, ಮುಕ್ಕಾಲು ಪಾಲು ಬಂದಂತೆಯೇ. ಸೆವೆಂತ್‌ನ ನಾಲ್ಕು ಸ್ವರಗಳಲ್ಲಿ ಪಂಚಮವೊಂದೇ ಒಂದು ಫ್ರೆಟ್ (ಕುತ್ತಿಗೆಯ ಮೇಲಿನ ಒಂದು ಮನೆ, ಅರ್ಧ ಸ್ವರ) ಮೇಲೇರುತ್ತದೆ, ಉಳಿದ ಮೂರು ಕದಲುವುದಿಲ್ಲ. ಸಿ ಮೂಲವಾದರೆ ಸಿ, ಇ, ಜಿ ಶಾರ್ಪ್, ಬಿ ಫ್ಲ್ಯಾಟ್. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ. ಸಿ+7, ಸಿ7♯5 ಎಂದು ಹೇಗೆ ಬರೆದಿದ್ದರೂ ಕಾರ್ಡ್ ಒಂದೇ. ‘ಮೇಜರ್ ಸೆವೆಂತ್ ಶಾರ್ಪ್ ಫೈವ್’ ಮಾತ್ರ ಬೇರೆ. ಅದರ ನಿಷಾದ ಇನ್ನೊಂದು ಫ್ರೆಟ್ ಮೇಲಿರುತ್ತದೆ.

ಕೆಳಗಿನ ಅಂಕಿಗಳು ದಪ್ಪನೆಯ ಆರನೇ ತಂತಿಯಿಂದ ತೆಳ್ಳನೆಯ ಒಂದನೆಯದರವರೆಗೆ, ಒತ್ತಬೇಕಾದ ಫ್ರೆಟ್‌ಗಳು. 0 ಎಂದರೆ ತೆರೆದ ತಂತಿ, × ಎಂದರೆ ನುಡಿಸಬಾರದ್ದು.

ಎ+7: × 0 3 0 2 1
ಇ+7: 0 × 0 1 1 0
ಜಿ+7: 3 × 3 4 4 ×

ಮೊದಲು ಎ+7 ಹಿಡಿಯಿರಿ. ಉಂಗುರ ಬೆರಳು ನಾಲ್ಕನೇ ತಂತಿಯ 3ರಲ್ಲಿ, ನಡುಬೆರಳು ಎರಡನೇ ತಂತಿಯ 2ರಲ್ಲಿ, ತೋರುಬೆರಳು ಒಂದನೇ ತಂತಿಯ 1ರಲ್ಲಿ. ಮೂರನೇ ತಂತಿ ತೆರೆದೇ ಇರಬೇಕು. ಅದು ಸತ್ತಂತೆ ಕೇಳಿದರೆ ಉಂಗುರ ಬೆರಳು ಮಲಗಿ ಅದಕ್ಕೆ ತಾಗುತ್ತಿದೆ; ಗೆಣ್ಣು ಬಗ್ಗಿಸಿ ತುದಿಯಿಂದಲೇ ಒತ್ತಿ. ಹೆಚ್ಚಿನವರು ಎಡವುವುದು ಆರನೇ ತಂತಿಯಲ್ಲಿ. ತೆರೆದಾಗ ಅದು ಇ, ಅಂದರೆ ನಾವು ಬಿಟ್ಟುಬಂದ ಪಂಚಮವೇ. ಏರಿಸಿದ ಎಫ್ ಜೊತೆ ಅದೂ ನುಡಿದರೆ ಕಾರ್ಡ್ ಕಲಸಿಹೋಗುತ್ತದೆ. ಕುತ್ತಿಗೆಯ ಮೇಲಿನಿಂದ ಹೆಬ್ಬೆರಳು ತಂದು ಆ ತಂತಿಯನ್ನು ಮುಟ್ಟಿಸಿಡಿ.

ಒಂಟಿಯಾಗಿ ನುಡಿಸಿದರೆ ಈ ಕಾರ್ಡ್ ಅರ್ಧಕ್ಕೆ ನಿಂತ ಮಾತಿನಂತೆ ಕೇಳುತ್ತದೆ, ತಪ್ಪು ಹಿಡಿದೆನೇನೋ ಎಂಬ ಅನುಮಾನವೂ ಬರುತ್ತದೆ. ಅದು ಹೋಗಿ ಸೇರುವ ಕಾರ್ಡ್ ಜೊತೆಗೇ ಕಲಿಯಿರಿ. ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಎ7 (× 0 2 0 2 0) ಎರಡು ಬಡಿತ, ಎ+7 ಎರಡು ಬಡಿತ, ಡಿ ಮೇಜರ್ (× × 0 2 3 2) ನಾಲ್ಕು ಬಡಿತ. ಒಂದನೇ ತಂತಿಯನ್ನು ಗಮನಿಸಿ: 0, 1, 2. ಇ, ಎಫ್, ಎಫ್ ಶಾರ್ಪ್ ಎಂದು ಮೆಟ್ಟಿಲೇರುವ ಆ ಎಳೆ ಕಿವಿಗೆ ಸ್ಪಷ್ಟವಾಗಿ ಸಿಗುವವರೆಗೆ ವೇಗ ಹೆಚ್ಚಿಸಬೇಡಿ. ಆಮೇಲೆ ಡಿ ಮೇಜರ್ ಬದಲು ಡಿ ಮೈನರ್ (× × 0 2 3 1) ಹಾಕಿ. ಈಗ ತೋರುಬೆರಳು ಎತ್ತುವ ಹಾಗೇ ಇಲ್ಲ, ಏಕೆಂದರೆ ಆ ಎಫ್ ಡಿ ಮೈನರ್‌ನ ಗಾಂಧಾರವೇ.

ಇ+7 ಇದೇ ರೀತಿ ಎ ಮೇಜರ್‌ಗೋ ಮೈನರ್‌ಗೋ ಸೇರುತ್ತದೆ. ಐದನೇ ತಂತಿಯನ್ನು ಮುಚ್ಚುವುದು ಕಷ್ಟವೆನಿಸಿದರೆ ಅದರ 3ನೇ ಫ್ರೆಟ್ ಒತ್ತಿ. ಅಲ್ಲಿರುವುದೂ ಏರಿಸಿದ ಪಂಚಮವೇ.

ಜಿ+7 ಎಲ್ಲಿಗಾದರೂ ಜಾರಿಸಬಲ್ಲ ಆಕಾರ: ಎರಡು ಫ್ರೆಟ್ ಮುಂದೆ ಹೋದರೆ ಎ+7, ಐದು ಮುಂದೆ ಹೋದರೆ ಸಿ+7. ಆರನೇ ತಂತಿಗೆ ತೋರುಬೆರಳು, ನಾಲ್ಕಕ್ಕೆ ನಡು, ಮೂರಕ್ಕೆ ಉಂಗುರ, ಎರಡಕ್ಕೆ ಕಿರುಬೆರಳು. ಇಲ್ಲಿ ಬಾರೆ (ಒಂದೇ ಬೆರಳನ್ನು ಮಲಗಿಸಿ ಹಲವು ತಂತಿ ಒತ್ತುವುದು) ಹಾಕಬೇಡಿ. ಹಾಕಿದರೆ ಐದನೇ ತಂತಿಯ ಸಿ ನುಸುಳಿ ಬಿ ಜೊತೆ ಕಚ್ಚಾಡುತ್ತದೆ. ತೋರುಬೆರಳ ತುದಿ ಐದನೇ ತಂತಿಗೆ ಹಗುರಾಗಿ ತಾಗಿದರೆ ಸಾಕು.

ಹಾಡಿನಲ್ಲಿ ಬಳಸುವಾಗ ಗಾಯನ ಆ ಕಾರ್ಡ್‌ನ ಶುದ್ಧ ಪಂಚಮದ ಮೇಲೆಯೇ ನಿಂತಿದೆಯೇ ನೋಡಿ. ನಿಂತಿದ್ದರೆ ಅಲ್ಲಿ ಸಾದಾ ಸೆವೆಂತ್ ನುಡಿಸಿ, ಸ್ವರ ಬದಲಾದ ಮೇಲೆ ಆಗ್ಮೆಂಟೆಡ್‌ಗೆ ಹೋಗಿ.