ಓಣಿ ನಡಸೋ ಮಂದಿನ್ನ ಫೋಟೋದಾಗ ಹಿಡಿಯೋದು ಹ್ಯಾಂಗ?

ಕಲಬುರಗಿ ಫೋಟೋ ಅಂದ್ರ ಎಲ್ಲಾರೂ ತಗಿಯೋದು ಕೋಟೆ, ಕೋಟೆ ಒಳಗಿನ 1367ರ ಜಾಮಿ ಮಸೀದಿ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬಾಜೂಕಿನ ಕೆರಿ. ತಗೀರಿ, ಛಲೋ ಜಾಗಾನೇ ಅವ, ಆದ್ರ ಅವು ನಾಳೆನೂ ಅಲ್ಲೇ ಇರ್ತಾವ. ಶಹಾಬಜಾರ ಕಡಿ ಇದ್ದಲಿ ಇಸ್ತ್ರಿ ಹಿಡ್ಕೊಂಡು ನಿಂತ ಕಾಕಾ, ಬ್ರಹ್ಮಪುರದಾಗ ಮುಂಜಾನಿ ಹೂವಿನ ಬುಟ್ಟಿ ಹೊತ್ಕೊಂಡು ಬರೋ ಅವ್ವಾ, ಸೈಕಲ್ ಪಂಕ್ಚರ್ ತಿದ್ದೋ ಚಾಚಾ, ಇವ್ರು ಮುಂದಿನ ವರ್ಷ ಅದೇ ಮೂಲ್ಯಾಗ ಇರ್ತಾರ ಅಂತ ಯಾರೂ ಹೇಳಲಿಕ್ಕ ಬರಲ್ಲ, ಮತ್ತ ನಮ್ಮ ಓಣಿ ಓಣಿ ಆಗಿರೋದು ಇವರಿಂದನೇ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೊಡ್ಡ ದೊಡ್ಡ ಪತ್ರಿಕೆಗಳಿಗೆ ಫೋಟೋ ತಗದವರು, ಆದ್ರೂ ಅವ್ರನ್ನ ಮಂದಿ ಇವತ್ತಿಗೂ ನೆನಸೋದು ಸಾಮಾನ್ಯ ಜನರ ದಿನಾ ನಡಿಯೋ ಬದುಕು ತಗದಿದ್ದಕ್ಕ. ಆ ಕೆಲಸ ನಮ್ಮ ಊರಾಗೂ ಆಗಬೇಕು. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ, ಕೈಯಾಗಿನ ಮೊಬೈಲೇ ಸಾಕು.

ಮೊದಲ್ನೇದು: ಕ್ಯಾಮೆರಾ ಮನ್ಯಾಗ ಬಿಟ್ಟು ಹೋಗ್ರಿ

ಒಂದೇ ಓಣಿ ಹಿಡೀರಿ, ಇಡೀ ಊರಿಗಿ ಕೈ ಹಾಕಬ್ಯಾಡ್ರಿ. ಬರೇ ಒಂದ್ ನೋಟ್‌ಬುಕ್ ಇಟ್ಕೊಂಡು ಬ್ಯಾರೆ ಬ್ಯಾರೆ ಹೊತ್ತಿನಾಗ ತಿರುಗಾಡ್ರಿ. ಹಾಲು, ಪೇಪರ್ ಹಾಕೋರು ಯಾವಾಗ ಬರ್ತಾರ, ಪೌರಕಾರ್ಮಿಕರು ಯಾವ ತುದಿಯಿಂದ ಕಸ ಹೊಡ್ಕೋತ ಬರ್ತಾರ, ತಹರಿ (ಮಸಾಲಿ ಅನ್ನ) ಬಂಡಿ ಎಷ್ಟೊತ್ತಿಗೆ ಖಾಲಿ ಆಗ್ತದ, ಮಿರ್ಚಿ ಭಜಿ ಬಾಣಲಿ ಸಂಜಿಗಿ ಯಾವಾಗ ಒಲಿ ಏರ್ತದ, ರಾತ್ರಿ ಕಡೀಕಿ ಬಾಗಿಲು ಹಾಕೋದು ಪಾನ್ ಅಂಗಡಿನೋ ಮೆಡಿಕಲ್ಲೋ. ಇದರ ಜೊತಿಗಿ ಇನ್ನೊಂದು ಬರ್ಕೋರಿ, ಅವರ ಹತ್ರ ಯಾರ್ ಬರ್ತಾರ ಅಂತ. ಇದು ಭಾಳ ಮುಖ್ಯ. ಯಾಕಂದ್ರ ಇಸ್ತ್ರಿ ಕಾಕಾ ಒಬ್ರೇ ನಿಂತು ಕ್ಯಾಮೆರಾ ನೋಡಿದ್ರ ಅದು ಅವರ ಫೋಟೋ ಆಗ್ತದ, ಅಷ್ಟೇ. ಅದೇ ಕಾಲೇಜಿಗಿ ಲೇಟಾದ ಹುಡುಗ ಕೌಂಟರ್ ಮ್ಯಾಲ ಅಂಗಿ ಇಟ್ಟು "ಕಾಕಾ ಲಗೂ ಮಾಡ್ರಿ" ಅಂತ ನಿಂತಾಗ ಒತ್ತಿದ್ರ ಅದರಾಗ ಓಣಿ ಬರ್ತದ. ಒಬ್ಬರಿಗೊಬ್ಬರು ಬೇಕಾಗೋ ಆ ಗಳಿಗಿನೇ ನಿಮಗ ಬೇಕಾಗಿದ್ದು, ಮುಂದ ಹೇಳೋದೆಲ್ಲಾ ಅದನ್ನ ಹಿಡಿಯಲಿಕ್ಕನೇ.

ಕೇಳೋದು

ಕದ್ದು ತಗೀಬ್ಯಾಡ್ರಿ. ದೂರ ನಿಂತು ಜೂಮ್ ಮಾಡೋದಂತೂ ಬ್ಯಾಡೇ ಬ್ಯಾಡ, ಮೊಬೈಲ್ ಜೂಮಿನಾಗ ಫೋಟೋನೂ ಕೆಡ್ತದ, ನಂಬಿಕಿನೂ ಕೆಡ್ತದ. ಹತ್ರ ಹೋಗಿ ಒಂದ್ ಚಾ ಕುಡೀರಿ, ಅವರು ಮಾರೋದು ಏನಾದ್ರೂ ತಗೋರಿ, ಆಮೇಲೆ "ಕಾಕಾ, ನೀವು ಕೆಲಸ ಮಾಡೋದು ಒಂದ್ ಫೋಟೋ ತಗೀಲೇನ್ರಿ?" ಅಂತ ಕೇಳ್ರಿ. ನಮ್ಮ ಊರಾಗ ಕನ್ನಡ, ಉರ್ದು, ಹಿಂದಿ, ಮರಾಠಿ, ತೆಲುಗು ಎಲ್ಲಾ ನಡೀತದ, ಯಾರಿಗಿ ಯಾವ್ದು ಸಲೀಸೋ ಅದರಾಗೇ ಕೇಳ್ರಿ. ಬ್ಯಾಡ ಅಂದ್ರ ಮುಗೀತು, ಎರಡನೇ ಸಲ ಕೇಳಬ್ಯಾಡ್ರಿ, ನಗನಗತಾ ಚಾ ಕುಡಿದು ಬರ್ರಿ. ಸಣ್ಣ ಮಕ್ಕಳಿದ್ರ ತಂದಿ-ತಾಯಿನ್ನ ಕೇಳಬೇಕು. ಹೆಣ್ಮಕ್ಕಳು ಮುಖ ಬ್ಯಾಡ ಅಂದ್ರ ಕೈ ಅಷ್ಟೇ ತಗೀಬಹುದೇನು ಅಂತ ಕೇಳಿ ನೋಡ್ರಿ, ಮಲ್ಲಿಗಿ ಕಟ್ಟೋ ಬೆರಳು ಮುಖಕ್ಕಿಂತ ಹೆಚ್ಚು ಹೇಳ್ತಾವ ಒಮ್ಮೊಮ್ಮೆ. ಫೋಟೋ ತಗೀಲಿಕ್ಕ ಹೂಂ ಅಂದ್ರ ಇನ್‌ಸ್ಟಾಗ್ರಾಂಗೂ ಹೂಂ ಅಂತ ತಿಳ್ಕೋಬ್ಯಾಡ್ರಿ, ಅದಕ್ಕ ಬ್ಯಾರೆ ಕೇಳಬೇಕು.

ಬೆಳಕು

ಬ್ಯಾಸಗ್ಯಾಗ ನಮ್ ಕಡಿ 40 ಡಿಗ್ರಿ ದಾಟ್ತದ, ಮಧ್ಯಾಹ್ನದ ಬಿಸಲಿನಾಗ ಕಣ್ಣಿನ ಕೆಳಗ ಕರೀ ನೆರಳು ಬಿದ್ದು ಮುಖ ಮುಖದಂಗ ಕಾಣಲ್ಲ. ಮುಂಜಾನಿ ಎಂಟರೊಳಗ, ಇಲ್ಲಾ ಸಂಜಿ ಐದರ ಮ್ಯಾಲ ಹೋಗ್ರಿ. ಮಧ್ಯಾಹ್ನನೇ ತಗೀಬೇಕಂದ್ರ ಅಂಗಡಿ ಬಾಗಿಲಿನ ನೆರಳಿನಾಗ ಅವರನ್ನ ಕೂಡಸ್ರಿ, ಹೊರಗ ಶಹಾಬಾದಿ ಫರಸಿ ಇದ್ರ ಇನ್ನೂ ಛಲೋ, ಫರಸಿ ಮ್ಯಾಲ ಬಿದ್ದ ಬಿಸಲು ತಿರುಗಿ ಮುಖದ ಮ್ಯಾಲ ಮೆತ್ತಗ ಬೀಳ್ತದ, ರಿಫ್ಲೆಕ್ಟರ್ ಖರೀದಿ ಮಾಡೋದೇ ಬ್ಯಾಡ. ನೀಲಿ ತಾಡಪತ್ರಿ ಕೆಳಗ ಹುಷಾರಿರ್ರಿ, ಮಂದಿ ಎಲ್ಲಾ ನೀಲಿ ಕಾಣ್ತಾರ, ಅಲ್ಲಿ ಒಂದ್ ಹೆಜ್ಜಿ ಹೊರಗ ಕರೀರಿ ಅಥ್ವಾ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿ ಮಾಡೋ ಸೆಟ್ಟಿಂಗ್) ತಿದ್ರಿ. ಪೌರಕಾರ್ಮಿಕರನ್ನ ನಸುಕಿನಾಗ ತಗಿಯೋವಾಗ ಫ್ಲಾಶ್ ಬಂದ್ ಇರಬೇಕು, ಇಲ್ಲಂದ್ರ ಅವ್ರ ಜಾಕೆಟ್ ಮ್ಯಾಲಿನ ಹೊಳಿಯೋ ಪಟ್ಟಿ ಬೆಳ್ಳಗ ಸುಟ್ಟು ಹೋಗಿ ಬಾಕಿ ಎಲ್ಲಾ ಕತ್ತಲಾಗ್ತದ. ಬೀದಿ ದೀಪದ ಕೆಳಗ ಅವ್ರು ಬರೋತನಕ ಕಾಯ್ರಿ.

ಮೊಬೈಲ್ ಲೆನ್ಸ್ ಅಂಗಿ ತುದಿಲೇ ಒರಸ್ರಿ. ಮುಖದ ಮ್ಯಾಲ ಬೆರಳು ಒತ್ತಿ ಹಿಡಿದ್ರ ಫೋಕಸ್ ಲಾಕ್ ಆಗ್ತದ, ಆಮೇಲೆ ಬೆರಳು ಕೆಳಗ ಎಳದು ಬೆಳಕು ಸ್ವಲ್ಪ ಕಡಿಮಿ ಮಾಡ್ರಿ, ಬಿಳಿ ಟೊಪ್ಪಿಗಿ, ಬಿಳಿ ಧೋತರ ಇದ್ರ ಇದು ಬೇಕೇ ಬೇಕು. ಪೋರ್ಟ್ರೇಟ್ ಮೋಡ್ ಬಂದ್ ಮಾಡ್ರಿ. ಅದು ಹಿಂದಿನ ಅಂಗಡಿನ್ನೇ ಮಸುಕು ಮಾಡ್ತದ, ಆದ್ರ ಹಿಂದಿನ ಡಬ್ಬಿ, ಕ್ಯಾಲೆಂಡರ್, ದೇವರ ಫೋಟೋ, ಉದ್ರಿ ಬರದ ಹಲಗಿ ಇವೇ ಕಥಿ ಹೇಳೋವು. ಕ್ಯಾಮೆರಾ ಇದ್ದವರು ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6 ರಿಂದ 8 ನಡುವ ಇಟ್ಕೋರಿ, 35 ಎಂಎಂ ಲೆನ್ಸ್ ಸಾಕು. ಅವರು ಕೂತಿದ್ರ ನೀವೂ ಕೂಡ್ರಿ, ಮ್ಯಾಲಿಂದ ಕೆಳಗ ನೋಡಿ ಯಾರದೂ ಫೋಟೋ ತಗೀಬಾರದು.

ಕೆಲಸ ನಡಿಯೋವಾಗ

ಖಾನಾವಳ್ಯಾಗ ಜೋಳದ ರೊಟ್ಟಿ ಬಡಿಯೋ ಅವ್ವಾರ ಕೈ ತಗೀಲಿಕ್ಕ ಎರಡು ದಾರಿ ಅವ. ಶಟರ್ ವೇಗ 1/500 ಸೆಕೆಂಡ್ ಇಟ್ರ ಹಾರೋ ಹಿಟ್ಟಿನ ಪುಡಿ ಸಹ ಗಾಳ್ಯಾಗ ನಿಲ್ತದ, 1/30 ಇಟ್ರ ಮುಖ ಸ್ಥಿರ ಇದ್ದು ಕೈ ಅಷ್ಟೇ ಮಸುಕಾಗ್ತದ. ನನಗ ಎರಡನೇದೇ ಇಷ್ಟ, ಅದನ್ನ ನೋಡಿದ್ರ ಬಡಿಯೋ ಸಪ್ಪಳ ಕೇಳ್ತದ. ಮೊಬೈಲಿನ ಪ್ರೋ ಮೋಡಿನಾಗೂ (ಶಟರ್ ಕೈಲೇ ಹೊಂದಸೋ ಮೋಡ್) ಇದು ಆಗ್ತದ, ಮೊಣಕೈ ಗ್ವಾಡಿಗಿ ಆನಿಸಿ ಹಿಡೀರಿ. ಹಂಚಿನ ಮ್ಯಾಲಿನ ರೊಟ್ಟಿಗಿ ನೀರು ಸವರೋವಾಗ ಉಗಿ ಏಳ್ತದಲ್ಲ, ಅದು ಒಂದೇ ಗಳಿಗಿ, ಬರ್ಸ್ಟ್ (ಒಂದರ ಹಿಂದ ಒಂದು ಸರಸರ ಫೋಟೋ ತಗಿಯೋದು) ಹಾಕ್ರಿ.

ಕಲಾಯಿ (ಪಾತ್ರಿ ಒಳಗ ತವರದ ಲೇಪ) ಹಾಕೋರು ಸಿಕ್ರ ಎಲ್ಲಾ ಕೆಲಸ ಬಿಟ್ಟು ನಿಲ್ರಿ, ಈಗ ಭಾಳ ಕಡಿಮಿ ಆಗ್ಯಾರ. ಸ್ಟೀಲು, ಅಲ್ಯೂಮಿನಿಯಂ ಬಂದ ಮ್ಯಾಲ ತಾಮ್ರ, ಹಿತ್ತಾಳಿ ಪಾತ್ರಿಗಿ ಕಲಾಯಿ ಮಾಡಸೋರೂ ಕಡಿಮಿ ಆಗ್ಯಾರ. ಭಟ್ಟಿ ಮ್ಯಾಲ ಪಾತ್ರಿ ಕಾಸಿ ನವಸಾಗರ ಹಾಕಿದಾಗ ಬೆಳ್ಳನ ಹೊಗಿ ಭಸ್ಸನೆ ಏಳ್ತದ, ಆಮೇಲೆ ತವರ ಮುಟ್ಟಿಸಿ ಹತ್ತಿಲೇ ಸರ್ರ್ ಅಂತ ಒರಸ್ತಾರ, ಕಣ್ಮುಂದನೇ ಪಾತ್ರಿ ಬೆಳ್ಳಿ ಆಗ್ತದ. ಆ ಹೊಗಿ ಕಾಣಬೇಕಂದ್ರ ಬೆಳಕು ಹೊಗಿ ಹಿಂದಿನಿಂದ ಬರಬೇಕು, ಮತ್ತ ಅದರ ಹಿಂದ ಕಪ್ಪನ ಗ್ವಾಡಿನೋ ನೆರಳೋ ಇರಬೇಕು. ಬಿಳಿ ಗ್ವಾಡಿ ಮುಂದ ಏನೂ ಕಾಣಲ್ಲ. ಗಾಳಿ ಯಾವ ಕಡಿಂದ ಬೀಸ್ತದ ನೋಡಿ ನಿಲ್ರಿ, ಗಂಟಲಿಗಿ ಹತ್ತೋ ಹೊಗಿ ಅದು. ಪಾತ್ರಿ ತಂದವ್ರು ಬಗ್ಗಿ ಒಳಗ ನೋಡ್ತಾರಲ್ಲ, ಅವರನ್ನ ಬಿಡಬ್ಯಾಡ್ರಿ, ಫ್ರೇಮಿನಾಗ ಬರ್ಲಿ.

ನೆಹರು ಗಂಜ್ ಮಾರ್ಕೆಟ್ಟಿಗಿ ಹೋಗೋದಾದ್ರ ಡಿಸೆಂಬರ್-ಜನವರಿ ಸುಮಾರಿಗಿ ಹೋಗ್ರಿ, ಹೊಸಾ ತೊಗರಿ ಬರೋ ಕಾಲ, 2019ರಾಗ ಜಿಐ ಟ್ಯಾಗ್ (ಊರಿನ ವಿಶೇಷ ಬೆಳಿಗಿ ಸಿಗೋ ಗುರುತು) ಸಿಕ್ಕಿದ್ದು ಇದೇ ಕಲಬುರಗಿ ತೊಗರಿಬ್ಯಾಳಿಗಿ. ಆ ಟ್ಯಾಗಿನ ಸುದ್ದಿ ಎಲ್ಲಾರಿಗೂ ಗೊತ್ತು, ಚೀಲ ಹೊರೋ ಹಮಾಲರ ಮುಖ ಯಾರಿಗೂ ಗೊತ್ತಿಲ್ಲ. ಅಲ್ಲಿ ಧೂಳಿನಾಗ ಬಿಸಲಿನ ಕೋಲು ಛಂದ ಕಾಣ್ತಾವ, ಆದ್ರ ಲೆನ್ಸ್ ಬದಲಿ ಮಾಡಬ್ಯಾಡ್ರಿ, ಚೀಲ ಹೊತ್ತವರ ದಾರಿಗಿ ಅಡ್ಡ ನಿಲ್ಲಬ್ಯಾಡ್ರಿ. ಮುಖ ಬೇಕಂದ್ರ ಅವರು ಚಾಕ್ಕ ಕುಂತಾಗ ಹೋಗ್ರಿ.

ಪ್ರಿಂಟ್ ಕೊಡ್ರಿ, ಹೆಸರು ಬರೀರಿ

ಇದನ್ನ ಬಿಟ್ರ ಮ್ಯಾಲಿನ ಕೆಲಸೆಲ್ಲಾ ಅರ್ಧಾನೇ. 4x6 ಪ್ರಿಂಟ್ ಮಾಡಸಿ ಅವ್ರ ಕೈಯಾಗ ಕೊಡ್ರಿ, ವಾಟ್ಸಾಪಿನಾಗ ಕಳಿಸೋದಾದ್ರ ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಂದ್ರ ಸೈಜ್ ಕುಗ್ಗಿ ಆಮೇಲೆ ಪ್ರಿಂಟಿಗಿ ಬರಲ್ಲ. ಪ್ರಿಂಟ್ ಕೊಟ್ಟ ಮ್ಯಾಲ ಬಾಜೂಕಿನ ಅಂಗಡಿಯವ್ರು ತಾವೇ ಕರೀತಾರ, ಎರಡನೇ ಸಲ ತಗದ ಫೋಟೋದಾಗ ಮೈ ಬಿಗಿ ಇರಲ್ಲ, ನಿಜವಾದ ಮುಖ ಬರೋದು ಅವಾಗೇ. ಹಂಗಂತ ಮೊದಲ್ನೇ ದಿನದ್ದು ಡಿಲೀಟ್ ಮಾಡಬ್ಯಾಡ್ರಿ.

ಕ್ಯಾಪ್ಷನ್ನಿನಾಗ "ಒಬ್ಬ ಬಡ ವ್ಯಾಪಾರಿ" ಅಂತ ಬರೀಬ್ಯಾಡ್ರಿ, ನನಗ ಇದು ಭಾಳ ಬ್ಯಾಸರದ ಮಾತು. ಅವ್ರಿಗಿ ಹೆಸರು ಅದ. ಹೆಸರು ಅವ್ರು ಹೇಳಿದಂಗೇ ಬರೀರಿ, ಎಲ್ಲಿ ಕೂಡ್ತಾರ, ಎಷ್ಟು ವರ್ಷಾಯ್ತು, ಈ ಕೆಲಸ ಯಾರ ಕಡಿಂದ ಕಲ್ತ್ರು ಅಂತ ಕೇಳಿ, ಒಪ್ಪಿದ್ರ ಮೊಬೈಲಿನಾಗ ರೆಕಾರ್ಡ್ ಮಾಡ್ಕೋರಿ, ಅವ್ರ ಮಾತು ಅವ್ರ ಧಾಟ್ಯಾಗೇ ಇರ್ಲಿ. ಫೋನ್ ನಂಬರ್, ಮನಿ ವಿಳಾಸ ಹಾಕಬ್ಯಾಡ್ರಿ. ಫೈಲ್ ಎರಡು ಕಡಿ ಇಡ್ರಿ, ಮೊಬೈಲ್ ಒಂದನ್ನೇ ನಂಬಬ್ಯಾಡ್ರಿ.

ಕಡೀಕಿ ಹದಿನೈದಿಪ್ಪತ್ತು ಫೋಟೋ ಆರಿಸ್ರಿ, ಮುಂಜಾನಿಯಿಂದ ರಾತ್ರಿತನಕ ಓಣಿ ನಡಿಯೋ ಕ್ರಮದಾಗ ಜೋಡಸ್ರಿ. ಮೊದಲ ಪ್ರದರ್ಶನ ಹಾಲಿನಾಗ ಬ್ಯಾಡ, ಅದೇ ಓಣಿ ಚಾ ಹೋಟೆಲ್ ಗ್ವಾಡಿ ಮ್ಯಾಲ, ಇಲ್ಲಾ ಗುಡಿ ಕಟ್ಟಿ ಹತ್ರ ಹಗ್ಗ ಕಟ್ಟಿ ಬಟ್ಟಿ ಕ್ಲಿಪ್ಪಿನಾಗ ಸಿಕ್ಕಸ್ರಿ, ಮಾಲೀಕರನ್ನ, ಗುಡಿಯವ್ರನ್ನ ಮೊದ್ಲೇ ಕೇಳಿರಬೇಕು. ಜೊತಿಗಿ ಒಂದ್ ಪೆನ್ನೂ ಇಡ್ರಿ. ಹೆಸರು ತಪ್ಪಿದ್ರ ಮಂದಿ ಅಲ್ಲೇ ತಿದ್ದತಾರ, ಮತ್ತ ನೀವು ಯಾರನ್ನ ಬಿಟ್ಟೀರಿ ಅಂತನೂ ಅವ್ರೇ ಹೇಳ್ತಾರ, ಆ ಹೆಸರು ನೋಟ್‌ಬುಕ್ಕಿನಾಗ ಬರ್ಕೊಂಡು ಮರುದಿನ ಅವ್ರ ಹತ್ರ ಹೋಗ್ರಿ.